ಸಾಹೇಬರ ಸೈಕಲ್ಲು

ಅಂದು ಕಾರ್ಖಾನೆಯಲ್ಲಿ ನೌಕರರಿಗೆ ಪರಿಸರ ತರಬೇತಿ. ಮ್ಯಾನೇಜರ್ ಶ್ರೀನಾಥರು ಗೇಟಿಗಿಂತ ಸ್ವಲ್ಪ ಹಿಂದಿನ ತಿರುವಿನ ತನಕ ಕಾರಿನಲ್ಲೇ ಬಂದು, ಡಿಕ್ಕಿಯಲ್ಲಿದ್ದ ಸೈಕಲ್ ಇಳಿಸಿಕೊಂಡರು.

"ಈ ಗುಟ್ಟು ಹೊರಗೆ ಬಿತ್ತೋ, ನಿನ್ನ ಕೆಲಸ ಹೋಯ್ತು" ಎಂದು ಡ್ರೈವರ್ ಚೆಲುವಯ್ಯನನ್ನು ಗದರಿದರು. "ಸಂಜೆ ಇಲ್ಲೇ ಕಾರು ನಿಲ್ಲಿಸಿರು."

ತರಬೇತಿಯಲ್ಲಿ ಸಾಹೇಬರು ಎದೆಯುಬ್ಬಿಸಿ, "ನಾನು ಮನೆಯಿಂದಲೇ ಸೈಕಲ್‌ನಲ್ಲಿ ಬಂದೆ!" ಎಂದರು. ಚೆಲುವಯ್ಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಸಂಜೆ ಅವನು ಗೇಟಿನಲ್ಲಿ, ನೌಕರರ ನಡುವೆ ನಿಂತು ಸಾಹೇಬರ ಸೈಕಲ್ಲಿಗೆ ಪಂಪಿನಿಂದ ಗಾಳಿ ಹೊಡೆಯುತ್ತಿದ್ದ.

"ಕಾರೆಲ್ಲಯ್ಯಾ?" ಸಾಹೇಬರು ಪಿಸುಗುಟ್ಟಿದರು.

"ಮಧ್ಯಾಹ್ನವೇ ನಿಮ್ಮ ಮನೇಲಿ ಬಿಟ್ಟು ಬಂದೆ ಸಾರ್. ತಿರುವಿನಲ್ಲಿ ಯಾರಾದ್ರೂ ನೋಡಿದ್ರೆ ಗುಟ್ಟು ರಟ್ಟಾಗ್ತಿರಲಿಲ್ವಾ?"

ಎಲ್ಲರೂ ನೋಡುತ್ತಿದ್ದರು. ಸಾಹೇಬರು ನಗುತ್ತಲೇ ಸೈಕಲ್ ಹತ್ತಿದರು.

ದಿಬ್ಬದಲ್ಲಿ ಅವರು ಸೈಕಲ್ ತಳ್ಳುತ್ತಾ ಏದುಸಿರು ಬಿಡುತ್ತಿದ್ದಾಗ, ಪಕ್ಕದಲ್ಲೇ ಕಾರ್ಖಾನೆಯ ಬಸ್ಸು ಹಾದುಹೋಯಿತು. ಕಿಟಕಿಯಿಂದ ಚೆಲುವಯ್ಯ ಕೂಗಿದ:

"ಸಾರ್, ನಾಳೆ ಕಾರು ತರ್ಲಾ, ಪಂಪು ತರ್ಲಾ?"