ಎಡಕ್ಕೆ ತಿರುಗಿದ ಮನೆ

“ಗುರುಗಳೇ, ನನ್ನ ಬಳಿ ಬಂದವರ ಮೂಳೆ ನೀವಿ, ನೋವು ಇಳಿಸಿ ಕಳುಹಿಸುತ್ತೇನೆ. ಆ ನೋವು ಎಲ್ಲಿಂದ ಬಂತೆಂದು ಕೆದಕುವುದೂ ನನ್ನ ಧರ್ಮವೇ?” ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಸಿಟ್ಟು ಬಂದಿತು. ಅದನ್ನು ಮುಚ್ಚಿಡದೆಯೇ ಕತೆ ಹೇಳಿದರು.

ಒಬ್ಬ ನೇಕಾರನ ಹೆಂಡತಿಗೆ ಹೆರಿಗೆಯಾದ ಮೇಲೆ ಬುದ್ಧಿ ಕದಡಿತು. ಯಾರೋ ಕರೆದಂತೆ ಕೇಳಿಸಿ ಎದ್ದು ಓಡುತ್ತಿದ್ದಳು. ಒಬ್ಬ ವೈದ್ಯ ಮಾತ್ರೆ ಕೊಟ್ಟ. ಕರೆಯುವ ದನಿ ನಿಂತಿತು. ಅದು ಆತನ ಪುಣ್ಯ, ಅಲ್ಲಗಳೆಯುವುದಿಲ್ಲ. ಆದರೆ ತಿಂಗಳುಗಳು ಕಳೆದಂತೆ ಅದೇ ಮಾತ್ರೆ ಅವಳ ಕತ್ತನ್ನು ಎಡಭುಜಕ್ಕೆ ತಿರುಚಿತು. ಕತ್ತು ತಾನಾಗಿ ಎಳೆಯುತ್ತಿತ್ತು, ಜೀವ ಹಿಂಡುವಂತೆ ನೋಯುತ್ತಿತ್ತು.

ವೈದ್ಯನ ಮನೆಯ ಎದುರು ಸಾಲಿನಲ್ಲೇ ಮೂಳೆ ನೀವುವವನೊಬ್ಬನಿದ್ದ. ಒಳ್ಳೆಯ ಕೈ. ನೀವಿದ ದಿನ ನೋವು ಇಳಿಯುತ್ತಿತ್ತು, ಮರುದಿನ ಕತ್ತು ಮತ್ತೆ ಎಡಕ್ಕೇ. ಮೂಳೆ ಇದ್ದಲ್ಲೇ ಇದೆ, ಎಳೆಯುತ್ತಿರುವುದು ಬೇರೇನೋ ಎಂದು ಅವನ ಬೆರಳಿಗೆ ಮೊದಲ ದಿನವೇ ತಿಳಿದಿತ್ತು. ಬಾಯಿ ಮಾತ್ರ ಬಿಡಲಿಲ್ಲ. “ನಿನ್ನದು ದೇವರ ಕೈ” ಎನ್ನಿಸಿಕೊಳ್ಳುವ ಚಪಲ ಯಾರನ್ನು ಬಿಟ್ಟಿದೆ?

ಮನೆಯವರು ಏನು ಮಾಡಿದರು ಗೊತ್ತೆ? ನೂಲು ಸುತ್ತುವ ರಾಟೆಯನ್ನು ಅವಳ ಎಡಕ್ಕೆ ಸರಿಸಿದರು. ತೊಟ್ಟಿಲನ್ನೂ ಎಡಕ್ಕೇ ಕಟ್ಟಿದರು. ಹೆಂಗಸು ನೆಟ್ಟಗಾಗಲಿಲ್ಲ, ಮನೆಯೇ ಸೊಟ್ಟಗಾಯಿತು. ಆದರೂ ಬಲಮೊಲೆಗೆ ಹಾಕಿಕೊಂಡಾಗ ಮಗುವಿನ ಮುಖ ಅವಳಿಗೆ ಕಾಣುತ್ತಿರಲಿಲ್ಲ.

ಒಂದು ದಿನ ಅವಳು ಮೂಳೆಯವನನ್ನು ಕೇಳಿದಳು: “ಆ ಮಾತ್ರಿ ಸುರು ಆದ ಮ್ಯಾಲೇನ ಹಿಂಗಾತು. ವೈದ್ಯರಿಗೆ ನೀ ಒಂದ್ ಮಾತು ಹೇಳಬಾರದೇನಪ್ಪಾ? ನಾ ಹೇಳಿದ್ರ ಹುಚ್ಚಿ ಮಾತು ಅಂತಾರ.”

“ಮಾತ್ರಿ ನನ್ನ ಕಸಬಲ್ಲವ್ವ” ಎಂದ ಅವನು.

ವೈದ್ಯನೋ, ಕತ್ತು ತನ್ನ ಕಸುಬಲ್ಲ ಎಂದಿದ್ದ. ಎತ್ತು ಏರಿಗೆ, ಕೋಣ ನೀರಿಗೆ. ಮಾತ್ರೆ ಬಿಟ್ಟರೆ ಆ ದನಿ ಮರಳೀತೆಂದು ಅವಳಿಗೆ ಭಯ. ನುಂಗಿದರೆ ಮಗುವಿನ ಮುಖವಿಲ್ಲ. ಮಾತ್ರೆ ಬದಲಿಸಬಲ್ಲವನು ವೈದ್ಯನೊಬ್ಬನೇ. ಅವನು ಕಿವಿಗೊಡುವುದಾದರೆ ಮೂಳೆಯವನ ಮಾತಿಗೆ. ಇಬ್ಬರ ಬಾಗಿಲಿನ ನಡುವೆ ಇದ್ದದ್ದು ಒಂದು ಬೀದಿ, ಅಷ್ಟೇ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಲೆತಗ್ಗಿಸಿ ಕೇಳಿದ: “ಆಮೇಲೆ ಅವನು ಬೀದಿ ದಾಟಿದನೆ?”

ಗುರುಗಳು ಹೇಳಿದರು: “ನೀನು ಇಲ್ಲಿಂದ ಎದ್ದರೆ ತಾನೇ ಅವನು ದಾಟುವುದು.”