ಬೀಗರಿಗೆ ಕುಡಿಸುವ ಎಳನೀರು

ಮಗಳ ಸಂಬಂಧ ಕುದುರಿದ ದಿನದಿಂದ ಇಲಿರಾಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಿಶ್ಚಿತಾರ್ಥಕ್ಕೆ ಬರುವ ಬೀಗರಿಗೆ ತೋಟದಲ್ಲೇ ಸಿಹಿಯಾದ ಎಳನೀರು ಕುಡಿಸುತ್ತೇನೆಂದು ಎಲ್ಲರಿಗೂ ಸಾರಿಬಿಟ್ಟಿದ್ದ. ಎತ್ತರದ ಮರಗಳ ನೀರಿಗೆ ತುಸು ಉಪ್ಪು. ಸಿಹಿ ಬೇಕೆಂದರೆ ಬೇಲಿ ಪಕ್ಕದ ಗಿಡ್ಡ ಕೆಂದೆಂಗೇ ಸರಿ. ಅದಕ್ಕೆ ಆಗ ಚೊಚ್ಚಲ ಗೊನೆ. ನಾಲ್ಕು ತಿಂಗಳು ತುಂಬಿದ ನಾಲ್ಕೇ ಕಾಯಿ.

ಇಲಿರಾಯ ಸರಸರನೆ ಹತ್ತಿ ಒಂದನ್ನು ಕೊರೆದು ಬಾಯಿಟ್ಟ. "ಥೂ, ಒಗರು!"

"ಏಳನೇ ತಿಂಗಳಿಗೆ ಬನ್ನಿ ರಾಯರೇ," ಎಂದಿತು ಪಕ್ಕದ ಕಾಯಿ. "ಅಲ್ಲಿಯವರೆಗೆ ನಮ್ಮ ನೀರಿಗೆ ಸಿಹಿ ತುಂಬದು. ನಿಮ್ಮ ಬೀಗರು ಬರುವುದೂ ಆಗಲೇ ಅಲ್ಲವೇ?"

"ಅವರ ಮುಂದೆ ಮರ್ಯಾದೆ ಹೋದರೆ? ರುಚಿ ನೋಡದೆ ನಂಬುವವನಲ್ಲ ನಾನು!"

ಐದನೇ ತಿಂಗಳು ಬಂದು, ಬುದ್ಧಿ ಹೇಳಿದ ಆ ಕಾಯಿಯನ್ನೇ ಕೊರೆದ. ಸಪ್ಪೆ. ಆರನೇ ತಿಂಗಳು ಮೂರನೆಯದನ್ನು ಕೊರೆದ. ನಾಲಗೆಯ ತುದಿಗೆ ಸಿಹಿ ತಾಗಿತು. ಗರಿಯಿಂದ ಗರಿಗೆ ಹಾರಿ ಕುಣಿದಾಡಿದ!

ಏಳನೇ ತಿಂಗಳು ಬೀಗರ ದಂಡು ಬೇಲಿ ದಾಟುವಾಗ ಇಲಿರಾಯ ಮರದ ಮೇಲೇ ಇದ್ದ. ಒಂದೇ ಒಂದು ಗುಟುಕು ಎಂದುಕೊಂಡು ಕೊರೆದ. ಆಹಾ! ಕಣ್ಣು ಮುಚ್ಚಿ ಹೀರಿದ, ಹೀರುತ್ತಲೇ ಹೋದ.

"ಬಂತು! ಸಿಹಿ ಬಂತು! ಬನ್ನಿ ಬೀಗರೇ, ಬೇಗ ಬನ್ನಿ!"

ಹಿರಿಯ ಬೀಗರು ಏದುಸಿರು ಬಿಡುತ್ತ ಹತ್ತಿ ಬಂದರು. ಕೆಳಗೆ ಉದುರಿದ್ದ ಮೂರು ತೂತು ಬುರುಡೆಗಳನ್ನು ನೋಡಿದರು. ಗೊನೆಯಲ್ಲಿ ನಾಲ್ಕನೆಯ ತೂತನ್ನು ನೋಡಿದರು. ಇಲಿರಾಯನ ಒದ್ದೆ ಮೀಸೆಯನ್ನೂ ನೋಡಿದರು.

"ಬೀಗರೇ," ಎಂದರು, "ಚೆನ್ನಾಗಿತ್ತೇ?"