ಶೇಕಡಾ ಅರವತ್ತರ ಸೀರೆ

ದಾವಣಗೆರೆಯಲ್ಲಿ ದಾಕ್ಷಾಯಣಿ ಎಂಬ ಗೃಹಿಣಿ ಇದ್ದಳು. ಶೇಕಡಾ ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಆಷಾಢ ಬಂತೆಂದರೆ ಬಟ್ಟೆ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟ ಶುರುವಾಗುತ್ತದಲ್ಲ, ಆಗ ಓಣಿಯ ಹೆಂಗಸರೆಲ್ಲ ಅವಳನ್ನೇ ಮುಂದೆ ಮಾಡಿಕೊಂಡು ಹೋಗುತ್ತಿದ್ದರು. "ಮೊದಲು ಹತ್ತು ಪರ್ಸೆಂಟ್ ಎಷ್ಟು ಅಂತ ನೋಡ್ರೇ. ಅಂಥಾ ಹತ್ತು ಎಷ್ಟಿದಾವೋ ಅಷ್ಟರಿಂದ ಗುಣಿಸಿ ಕಳೀರಿ, ಮುಗೀತು" ಎನ್ನುತ್ತಿದ್ದಳು. ಒಳ್ಳೆಯ ವಿದ್ಯೆ ಮಕ್ಕಳೇ, ನೀವೂ ಕಲಿತುಕೊಳ್ಳಿ. ಅದರಲ್ಲಿ ತಪ್ಪೇನಿಲ್ಲ.

ಆ ವರ್ಷ ಅವಳ ಕಣ್ಣಿಗೆ ಒಂದು ರೇಷ್ಮೆ ಸೀರೆ ಬಿತ್ತು. ಬೆಲೆ ಆರು ಸಾವಿರ. ಮೇಲೊಂದು ಕೆಂಪು ಚೀಟಿ: ಶೇಕಡಾ ಅರವತ್ತು ರಿಯಾಯಿತಿ. ಹತ್ತಕ್ಕೆ ಆರುನೂರು, ಅರವತ್ತಕ್ಕೆ ಮೂರು ಸಾವಿರದ ಆರುನೂರು. ಅದನ್ನು ಕಳೆದರೆ ಕೊಡಬೇಕಾದದ್ದು ಬರೀ ಎರಡು ಸಾವಿರದ ನಾನೂರು! ದಾಕ್ಷಾಯಣಿ ಹಿಂದೆಮುಂದೆ ನೋಡದೆ ಕೊಂಡಳು.

ಶ್ರಾವಣದಲ್ಲಿ ಅವಳ ನಾದಿನಿ ಕೊಟ್ರಮ್ಮನ ಮನೆಯ ಗೃಹಪ್ರವೇಶ. ಕೊಟ್ರಮ್ಮ ಗಂಡನನ್ನು ಕಳೆದುಕೊಂಡವಳು. ಗ್ರೈಂಡರಿನಲ್ಲಿ ದೋಸೆ ಹಿಟ್ಟು ರುಬ್ಬಿ ಮಾರಿ, ಅದರಲ್ಲೇ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದಳು. ದಾಕ್ಷಾಯಣಿ ಆ ಸೀರೆಯನ್ನೇ ಮುಯ್ಯಿ ಮಾಡಲು ಹೊರಟಳು. ಹೊರಡುವ ಮುಂಚೆ ಏನು ಮಾಡಿದಳು ಗೊತ್ತೇ? ಕೆಂಪು ಚೀಟಿಯನ್ನು ಉಗುರಿನಿಂದ ಕಿತ್ತು ಹಾಕಿದಳು. ಆರು ಸಾವಿರದ ಚೀಟಿ ಹಾಗೇ ಇರಲಿ ಅಂತ ಬಿಟ್ಟಳು.

"ಅಬ್ಬಬ್ಬಾ, ಆರು ಸಾವಿರದ ಸೀರೆ!" ಎಂದರು ಬಂದ ಹೆಂಗಸರು. ದಾಕ್ಷಾಯಣಿ ಬೀಗಿದಳು. ಕೊಟ್ರಮ್ಮನ ಮುಖ ಮಾತ್ರ ಸಣ್ಣಗಾಯಿತು. ಮುಯ್ಯಿ ಅಂದಮೇಲೆ ಅಷ್ಟೇ ಬೆಲೆಯದ್ದನ್ನು ಒಂದು ದಿನ ತಿರುಗಿಸಬೇಕಲ್ಲ. ಆದರೆ ಮೆರೆಯುವವರಿಗೆ ಎದುರಿನವರ ಮುಖ ಎಲ್ಲಿ ಕಾಣುತ್ತದೆ!

ಮಾಘದಲ್ಲಿ ದಾಕ್ಷಾಯಣಿಯ ಮಗಳ ಮದುವೆ ಆಯಿತು. ಕೊಟ್ರಮ್ಮ ಸೀರೆ ತಂದು ಅತ್ತಿಗೆಯ ಮಡಿಲಿಗೆ ಹಾಕಿದಳು. ಜನ ಅತ್ತ ಹೋದದ್ದೇ ತಡ, ದಾಕ್ಷಾಯಣಿ ಚೀಟಿ ತಿರುಗಿಸಿ ನೋಡಿದಳು. ಆರು ಸಾವಿರ. ಮದುವೆ ಕಾಲ, ಒಂದು ಪೈಸೆ ರಿಯಾಯಿತಿ ಇಲ್ಲ. 'ಕೊಟ್ಟದ್ದು ಎರಡು ಸಾವಿರದ ನಾನೂರು, ಬಂದದ್ದು ಆರು ಸಾವಿರ. ನೂರಕ್ಕೆ ನೂರೈವತ್ತು ಲಾಭ!' ಎಂದು ಮನಸ್ಸಿನಲ್ಲೇ ಕುಣಿದಳು. ಥೂ, ಮಗಳ ಮದುವೆ ಚಪ್ಪರದಲ್ಲಿ ನಿಂತು ಹಾಕುವ ಲೆಕ್ಕವೇ ಇದು?

ಮದುವೆ ಮುಗಿದು ಬೀಗರು ಬಂದ ದಿನ ದೋಸೆ ಹಿಟ್ಟು ಬೇಕಾಯಿತು. ದಾಕ್ಷಾಯಣಿ ಪಾತ್ರೆ ಹಿಡಿದು ನಾದಿನಿಯ ಮನೆಗೆ ಹೋದಳು. ಕೊಟ್ರಮ್ಮ ಒರಳಿನ ಮುಂದೆ ಕೂತು ಕೈಯಲ್ಲೇ ರುಬ್ಬುತ್ತಿದ್ದಳು. ಅಂಗೈಗೆ ಬಟ್ಟೆ ಸುತ್ತಿದ್ದಳು.

"ಇದೇನೇ ಅವಸ್ಥೆ? ಗ್ರೈಂಡರ್ ಎಲ್ಲಿ?"

"ಮಾರಿಬಿಟ್ಟೆ ಅತ್ತಿಗೆ. ನಿಮ್ಮ ಮುಯ್ಯಿ ತೀರಿಸಬೇಕಿತ್ತಲ್ಲ. ನಾಕು ಜನದ ಮುಂದೆ ಕಮ್ಮಿ ಸೀರೆ ಕೊಟ್ಟರೆ ಅಣ್ಣನ ಮರ್ಯಾದೆ ಏನಾಗಬೇಕು?"

ದಾಕ್ಷಾಯಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ತುತ್ತು ಅನ್ನದ ದಾರಿಯನ್ನೇ ನಾನು ಕಿತ್ತುಕೊಂಡೆನಲ್ಲ, ಅದನ್ನೇ ಲಾಭ ಅಂತ ಎಣಿಸಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದಳು. ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಒಪ್ಪಿಕೊಂಡಳು. ಕೆಂಪು ಚೀಟಿ ಕಿತ್ತದ್ದನ್ನೂ ಹೇಳಿದಳು.

ಕೊಟ್ರಮ್ಮ ರುಬ್ಬುವುದನ್ನು ನಿಲ್ಲಿಸಿದಳು. ಬೈಯಲಿಲ್ಲ.

"ಎರಡು ಸಾವಿರದ್ದು ಅಂತ ಹೇಳಿದ್ದರೆ ನನಗೇನು ಬೇಜಾರಿತ್ತು ಅತ್ತಿಗೆ? ಹಬ್ಬಕ್ಕೆ ಉಟ್ಟುಕೊಂಡು ಓಡಾಡ್ತಿದ್ದೆ. ಆರು ಸಾವಿರ ಅಂತ ಹೆದರಿಕೊಂಡು ಒಂದು ದಿನವೂ ಉಡಲಿಲ್ಲ."

ದಾಕ್ಷಾಯಣಿ ಅವಳ ಕೈ ಹಿಡಿದುಕೊಂಡಳು. "ನಾಳೆಯೇ ಹೊಸ ಗ್ರೈಂಡರ್ ತಂದುಕೊಡ್ತೀನಿ ಕಣೇ. ಬೇಡ ಅನ್ನಬೇಡ."

ಕೊಟ್ರಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಕೈಮುಗಿದಳು.

"ಬೇಡ ಅತ್ತಿಗೆ, ನಿಮ್ಮ ದಮ್ಮಯ್ಯ. ಅದನ್ನು ತೀರಿಸೋಕೆ ಮಾರಲಿಕ್ಕೆ ಇನ್ನೇನೂ ಉಳಿದಿಲ್ಲ ನನ್ನತ್ರ."

ದಾಕ್ಷಾಯಣಿ ತಲೆ ಎತ್ತಲಾಗದೆ ಅಲ್ಲೇ ಕೂತಳು. ಕೊಟ್ರಮ್ಮ ಮತ್ತೆ ರುಬ್ಬತೊಡಗಿದಳು.

ನೀತಿ: ರಿಯಾಯಿತಿಯಲ್ಲಿ ಕೊಳ್ಳುವುದು ನಾಚಿಕೆಯಲ್ಲ, ಅದನ್ನು ಮುಚ್ಚಿಟ್ಟು ದೊಡ್ಡಸ್ತಿಕೆ ತೋರಿಸುವುದು ನಾಚಿಕೆ. ನಾವು ಮೆರೆದ ಸುಳ್ಳು ಬೆಲೆಯನ್ನು ನಮಗಿಂತ ಇಲ್ಲದವರು ನಿಜವಾಗಿ ತೆರಬೇಕಾಗುತ್ತದೆ.